ಸಿಂಗಪುರದ ಝೂಗೆ ಹೋಗಿ, ಆದರೆ ಮಧ್ಯಾಹ್ನ ಎರಡಕ್ಕಲ್ಲ

ಪ್ರಶ್ನೆ: ಏಪ್ರಿಲ್ ರಜೆಯಲ್ಲಿ ಐದು ದಿನಕ್ಕೆ ಸಿಂಗಪುರಕ್ಕೆ ಹೊರಟಿದ್ದೇವೆ. ನಾನು, ಹೆಂಡತಿ, ಏಳು ವರ್ಷದ ಮಗ, ಜೊತೆಗೆ ಅಪ್ಪ-ಅಮ್ಮ. ಅಪ್ಪನಿಗೆ 70 ದಾಟಿದೆ, ಮಂಡಿನೋವು ಇದೆ. ಟೂರಿನವರು ಮೂರನೇ ದಿನ ಮಧ್ಯಾಹ್ನ ಎರಡಕ್ಕೆ ಝೂ, ಅದು ಮುಗಿಸಿ ಅದೇ ಸಂಜೆ ನೈಟ್ ಸಫಾರಿ ಎಂದು ಹಾಕಿದ್ದಾರೆ. ಅಪ್ಪ ಮಾತ್ರ, "ಮೈಸೂರು ಝೂ ಹತ್ತು ಸಲ ನೋಡಿದ್ದೀವಿ, ತ್ಯಾವರೆಕೊಪ್ಪ ಮನೆ ಪಕ್ಕದಲ್ಲೇ ಇದೆ. ಹುಲಿ ನೋಡೋಕೆ ವಿಮಾನ ಹತ್ತಬೇಕಾ?" ಎನ್ನುತ್ತಾರೆ. ಆ ದಿನವನ್ನು ಬೇರೆ ಯಾವುದಕ್ಕಾದರೂ ಇಟ್ಟುಕೊಳ್ಳೋದು ಒಳ್ಳೆಯದಾ? — ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ತಂದೆಯವರ ಮಾತು ಅರ್ಧ ಸರಿ. ಹುಲಿ, ಸಿಂಹ, ಆನೆಗಾಗಿ ಶಿವಮೊಗ್ಗದವರು ಸಿಂಗಪುರಕ್ಕೆ ಹೋಗಬೇಕಾಗಿಲ್ಲ. ತ್ಯಾವರೆಕೊಪ್ಪ ಇದೆ, ಸಕ್ರೆಬೈಲು ಇದೆ. ಆದರೆ ಆ ದಿನವನ್ನು ಬಿಡಬೇಡಿ. ಬಿಡಬೇಕಾದ್ದು ಆ ಮಧ್ಯಾಹ್ನದ ಎರಡು ಗಂಟೆಯನ್ನು.

ನಾನು ಪಶುವೈದ್ಯ. ಸಿಂಗಪುರದ ಮಂಡಾಯ್‌ನಲ್ಲಿರುವ ಆ ಝೂಗೆ ನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ನಿಮ್ಮ ಟೂರಿನವರು ಹಾಕಿದ ಹೊತ್ತಿಗೇ ಹೋಗಿದ್ದೆವು. ಊಟ ಮಾಡಿ, ಎರಡು ಗಂಟೆಗೆ ಒಳಗೆ. ಪ್ರಾಣಿಗಳ ವಿಷಯ ಓದಿದವನು ನಾನು, ಆದರೂ ಅಷ್ಟು ಹೊಳೆಯಲಿಲ್ಲ ನೋಡಿ. ಚಿರತೆ ಮಲಗಿತ್ತು. ಸಿಂಹ ಮಲಗಿತ್ತು. ಕರಡಿ ಕಾಣಲೇ ಇಲ್ಲ. ಮೂರೂವರೆಗೆ ಮಳೆ ಹೊಡೆಯಿತು. ಅಮ್ಮ ಒಂದು ಬೆಂಚಿನ ಮೇಲೆ ಕೂತು ಚಪ್ಪಲಿ ಬಿಚ್ಚಿ, "ಇವಕ್ಕೂ ನನ್ನ ಹಾಗೇ ಮಧ್ಯಾಹ್ನದ ನಿದ್ದೆ ಬೇಕು ಕಣೋ, ಸುಮ್ನೆ ಬಿಡು ಪಾಪ" ಎಂದರು. ಅವತ್ತು ನಾವು ನೋಡಿದ್ದು ಬಹುಪಾಲು ಬೆನ್ನುಗಳನ್ನು.

ಕಾರಣ ಸುಲಭ. ಸಿಂಗಪುರ ಭೂಮಧ್ಯ ರೇಖೆಯಿಂದ ಒಂದು ಡಿಗ್ರಿ ಉತ್ತರಕ್ಕಿದೆ, ಅಷ್ಟೆ. ವರ್ಷವಿಡೀ ಒಂದೇ ಸೆಕೆ, ಮಂಗಳೂರಿನ ಮೇ ತಿಂಗಳಿನ ಹಾಗೆ ಮೈ ಅಂಟಂಟು. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಜಾಸ್ತಿ. ಬಿಸಿ ರಕ್ತದ ದೊಡ್ಡ ಪ್ರಾಣಿಗೆ ಈ ಹೊತ್ತಿನಲ್ಲಿ ಓಡಾಡಿ ಮೈ ಕಾಯಿಸಿಕೊಳ್ಳುವ ದರ್ದು ಇಲ್ಲ. ನೆರಳಿನಲ್ಲಿ ಬೀಳುತ್ತದೆ. ನಮ್ಮ ದನಗಳೂ ಮರದ ಕೆಳಗೆ ಮಲಗುವುದು ಅದೇ ಹೊತ್ತಿಗೆ ಅಲ್ವಾ? ಬೆಳಿಗ್ಗೆ ಹಾಗಲ್ಲ. ರಾತ್ರಿ ಮಲಗುವ ಮನೆಯಿಂದ ಆಗತಾನೇ ಹೊರಗೆ ಬಿಟ್ಟಿರುತ್ತಾರೆ. ಮೂಲೆ ಮೂಲೆಯಲ್ಲಿ ತಿಂಡಿ ಬಚ್ಚಿಟ್ಟಿರುತ್ತಾರೆ. ಮೂಸುವುದು, ಕೆದಕುವುದು, ಜಗಳ, ಆಟ ಎಲ್ಲ ಹನ್ನೊಂದರೊಳಗೆ. ಝೂ ತೆರೆಯುವುದು ಎಂಟೂವರೆಗೆ. ನೀವು ಒಂಬತ್ತರೊಳಗೆ ಗೇಟಿನಲ್ಲಿರಿ, ಒಂದು ಗಂಟೆಗೆ ಹೊರಗೆ ಬನ್ನಿ.

ಇಲ್ಲೊಂದು ಲೆಕ್ಕ ಇದೆ, ಟೂರಿನವರು ಹೇಳುವುದಿಲ್ಲ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಒಂಬತ್ತಕ್ಕೆ ಅಲ್ಲಿರಲು ನೀವು ಏಳಕ್ಕೆ ಏಳಬೇಕು. ನಿಮ್ಮ ಮೈಗೆ ಅದು ನಾಲ್ಕೂವರೆ. ಅಪ್ಪ-ಅಮ್ಮನಿಗೆ ಇದೇನೂ ಹೊಸದಲ್ಲ, ಮನೆಯಲ್ಲೂ ಆ ಹೊತ್ತಿಗೆ ಎದ್ದು ಓಡಾಡುವವರೇ ಇರಬೇಕು. ಕಷ್ಟ ನಿಮಗೆ, ನಿಮ್ಮ ಮಗನಿಗೆ. ಹಾಗಾಗಿ ಇಳಿದ ಮರುದಿನವೇ ಝೂ ಬೇಡ. ಮೂರನೇ ದಿನ ಎಂದಿದ್ದೀರಲ್ಲ, ಅದು ಸರಿಯಾಗಿದೆ. ರಾತ್ರಿಗೆ ಇದೇ ಲೆಕ್ಕ ನಿಮ್ಮ ಪರವಾಗಿ ಬರುತ್ತದೆ. ಅಲ್ಲಿ ರಾತ್ರಿ ಒಂಬತ್ತು ಎಂದರೆ ನಿಮ್ಮ ಮಗನ ಮೈಗೆ ಸಂಜೆ ಆರೂವರೆ. ಅವನು ಇನ್ನೂ ಕುಣಿಯುತ್ತಿರುತ್ತಾನೆ. ಅದಕ್ಕೇ ನೈಟ್ ಸಫಾರಿ ನಮ್ಮ ಕಡೆಯ ಮಕ್ಕಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಝೂ ನೋಡಿದ ದಿನವೇ ಅಲ್ಲ. ಝೂ ಮುಚ್ಚುವುದು ಆರಕ್ಕೆ, ನೈಟ್ ಸಫಾರಿ ಶುರುವಾಗುವುದು ಏಳೂಕಾಲಕ್ಕೆ. ಎರಡರಿಂದ ಆರರವರೆಗೆ ಬಿಸಿಲಲ್ಲಿ ನಡೆದ 70ರ ಮಂಡಿಯನ್ನು ಆಮೇಲೆ ಮತ್ತೆ ಕ್ಯೂನಲ್ಲಿ ನಿಲ್ಲಿಸುವುದು ನ್ಯಾಯ ಅಲ್ಲ. ಟೂರಿನವರಿಗೆ ಈಗಲೇ ಫೋನ್ ಮಾಡಿ, ಎರಡನ್ನೂ ಬೇರೆ ಬೇರೆ ದಿನಕ್ಕೆ ಹಾಕಿಸಿ. ಆಗುವುದಿಲ್ಲ ಎಂದರೆ ಆ ದಿನವನ್ನು ಪ್ಯಾಕೇಜಿನಿಂದ ತೆಗೆಸಿ, ನೀವೇ ಟಿಕೆಟ್ ಮಾಡಿಸಿ ಹೋಗಿ. ಕಷ್ಟವೇನಿಲ್ಲ.

ಈಗ ಒಳಗೆ ಏನು ನೋಡಬೇಕು ಎನ್ನುವುದಕ್ಕೆ ಬರುತ್ತೇನೆ. ಟಿಕೆಟಿನ ಕಾಸು ವಸೂಲಾಗಲಿ ಎಂದು ಎಲ್ಲ ನೋಡುತ್ತಾ ಹೋದರೆ ಏನೂ ಉಳಿಯುವುದಿಲ್ಲ. ನಿಮ್ಮ ಮನೆಯವರಿಗೆ ನಾನು ಹೇಳುವುದು ಮೂರು ನಾಲ್ಕು ಜಾಗ ಅಷ್ಟೇ.

ಒಳಗೆ ಹೋದ ಕೂಡಲೇ ಒರಾಂಗುಟಾನ್. ಮಲಯ ಭಾಷೆಯಲ್ಲಿ ಒರಾಂಗ್ ಎಂದರೆ ಮನುಷ್ಯ, ಹುತಾನ್ ಎಂದರೆ ಕಾಡು. ಬೋರ್ನಿಯೊ, ಸುಮಾತ್ರಾ ದ್ವೀಪಗಳ ಪ್ರಾಣಿ. ಇಲ್ಲಿ ಅವು ನಿಮ್ಮ ತಲೆಯ ಮೇಲಿನ ಮರಗಳಲ್ಲಿ, ಹಗ್ಗಗಳ ಮೇಲೆ ಓಡಾಡುತ್ತವೆ. ನಡುವೆ ಕಂಬಿ ಇಲ್ಲ, ಬಲೆ ಇಲ್ಲ. ನಾನು ಎರಡನೇ ಸಲ ಹೋದಾಗ ಅಲ್ಲಿ ಮುಕ್ಕಾಲು ಗಂಟೆ ಕೂತಿದ್ದೆ. ಒಂದು ಮರಿ ಗೋಣಿಚೀಲ ಎಳೆದುಕೊಂಡು ಕೊಂಬೆಯಿಂದ ಕೊಂಬೆಗೆ ಹೋಗುತ್ತಿತ್ತು. ಅಮ್ಮ ನೋಡಿಯೂ ನೋಡದ ಹಾಗೆ ಪಕ್ಕದಲ್ಲಿ ಎಲೆ ಅಗಿಯುತ್ತಿತ್ತು. ನಾಲ್ಕು ಹನಿ ಮಳೆ ಬಿತ್ತು. ಮರಿ ಗೋಣಿಯನ್ನು ತಲೆ ಮೇಲೆ ಹೊದ್ದು ಕೂತಿತು, ಮಲೆನಾಡಿನಲ್ಲಿ ಗೊರಬು ಹಾಕಿಕೊಂಡು ಗದ್ದೆ ಬದುವಿನಲ್ಲಿ ಕೂರುತ್ತಿದ್ದರಲ್ಲ, ಅದೇ ಥರ. ಮಳೆ ಜೋರಾಯಿತು. ಅಮ್ಮ ನಿಧಾನವಾಗಿ ಕೈ ಚಾಚಿ ಆ ಗೋಣಿಯನ್ನು ಕಿತ್ತುಕೊಂಡು ತಾನು ಹೊದ್ದುಕೊಂಡಿತು. ಮರಿ ಹೋಗಿ ಅಮ್ಮನ ಹೊಟ್ಟೆಗೆ ಅಂಟಿಕೊಂಡಿತು. ಸುತ್ತ ನಿಂತವರೆಲ್ಲ ನಕ್ಕರು. ಕಾಡಿನಲ್ಲೂ ಅವು ಮಳೆಗೆ ದೊಡ್ಡ ಎಲೆಗಳನ್ನು ಹೀಗೇ ತಲೆ ಮೇಲೆ ಹಿಡಿಯುತ್ತವೆ.

ನಿಮ್ಮ ಮಗನಿಗೆ ಒಂದು ಮಾತು ಹೇಳಿ. ಒರಾಂಗುಟಾನ್ ಮರಿ ಏಳೆಂಟು ವರ್ಷ ಅಮ್ಮನ ಜೊತೆಯಲ್ಲೇ ಇರುತ್ತದೆ. ಅಲ್ಲಿಯವರೆಗೆ ಅಮ್ಮ ಇನ್ನೊಂದು ಮರಿ ಹಾಕುವುದಿಲ್ಲ. ಯಾವ ಹಣ್ಣು ಯಾವಾಗ ಮಾಗುತ್ತದೆ, ರಾತ್ರಿ ಮಲಗಲು ಮರದ ಮೇಲೆ ಕೊಂಬೆ ಮುರಿದು ಹಾಸಿಗೆ ಮಾಡುವುದು ಹೇಗೆ, ಎಲ್ಲ ಪಾಠ ಆ ವರ್ಷಗಳಲ್ಲಿ. ಏಳು ವರ್ಷದ ಹುಡುಗನಿಗೆ, "ಅದೂ ನಿನ್ನಷ್ಟೇ ವಯಸ್ಸಿನದು, ಇನ್ನೂ ಅಮ್ಮನ ಕೈ ಬಿಟ್ಟಿಲ್ಲ" ಎಂದರೆ ಕಣ್ಣು ಅಗಲ ಮಾಡುತ್ತಾನೆ. ಕೆನ್ನೆ ಎರಡೂ ಕಡೆ ತಟ್ಟೆಯ ಹಾಗೆ ಊದಿದ್ದರೆ ಅದು ಬೆಳೆದ ಗಂಡು.

ಈ ಝೂಗೆ ಹೆಸರು ತಂದುಕೊಟ್ಟದ್ದೇ 'ಆ ಮೆಂಗ್' ಎನ್ನುವ ಒಂದು ಒರಾಂಗುಟಾನ್. ಯಾರೋ ಕಾನೂನು ಮೀರಿ ಮನೆಯಲ್ಲಿ ಸಾಕಿಕೊಂಡಿದ್ದ ಹೆಣ್ಣು. ಅಲ್ಲಿಂದ ಬಿಡಿಸಿ ತಂದಿದ್ದರು. 2008ರ ಫೆಬ್ರುವರಿಯಲ್ಲಿ ಅದು ಸತ್ತಾಗ ಸಾವಿರಾರು ಜನ ನಮಸ್ಕಾರ ಹೇಳಲು ಬಂದಿದ್ದರು. 2016ರಲ್ಲಿ ಆ ಹೆಸರನ್ನು ಅದರ ಮೊಮ್ಮಗಳಿಗೆ ಕೊಟ್ಟರು. ಆ ಮೊಮ್ಮಗಳ ಮೊದಲ ಹೆಸರು ಇಷ್ಟಾ. ಕನ್ನಡದವರಿಗೆ ಬಾಯಿಪಾಠ ಮಾಡಬೇಕಾಗಿಲ್ಲ. ಒರಾಂಗುಟಾನ್ ನೋಡುತ್ತಾ ಬೆಳಗಿನ ತಿಂಡಿ ತಿನ್ನುವ ವ್ಯವಸ್ಥೆಯೂ ಇದೆ, ಬೇರೆ ದುಡ್ಡು. ನನ್ನ ಕೇಳಿದರೆ ಬೇಡ. ತಿಂಡಿಯನ್ನು ಸೆರಂಗೂನ್ ರಸ್ತೆ ಕಡೆಯ ಇಡ್ಲಿ-ದೋಸೆ ಹೋಟೆಲಿನಲ್ಲಿ ಮುಗಿಸಿ, ಒರಾಂಗುಟಾನ್ ಹತ್ತಿರ ಸುಮ್ಮನೆ ಕೂತುಕೊಳ್ಳಿ.

ಎರಡನೆಯದು ಪ್ರೊಬೋಸಿಸ್ ಕೋತಿ. ಇದು ಬೋರ್ನಿಯೊ ಬಿಟ್ಟರೆ ಬೇರೆ ಯಾವ ಕಾಡಿನಲ್ಲೂ ಇಲ್ಲ. ಗಂಡಿನ ಮೂಗು ಬದನೆಕಾಯಿಯ ಹಾಗೆ ಬಾಯಿ ಮೇಲೆ ಜೋತಾಡುತ್ತದೆ. ಮಕ್ಕಳು ಮೂಗು ನೋಡಿ ನಗುತ್ತಾರೆ, ನಾನು ನೋಡುವುದು ಹೊಟ್ಟೆಯನ್ನು. ಆ ಡೊಳ್ಳುಹೊಟ್ಟೆ ಕೊಬ್ಬಿನದಲ್ಲ. ದನದ ಹೊಟ್ಟೆಯ ಹಾಗೆ ಅದರಲ್ಲಿ ಕೋಣೆಗಳಿವೆ, ತಿಂದ ಎಲೆ ಅಲ್ಲಿ ಹುಳಿಯಾಗುತ್ತಾ ಕರಗುತ್ತದೆ. ಕೆಲವೊಮ್ಮೆ ದನದ ಥರವೇ ಬಾಯಿಗೆ ತಂದು ಮೆಲುಕು ಹಾಕುವುದನ್ನೂ ಕಂಡಿದ್ದಾರೆ. ಈ ಕೋತಿಗೆ ಚೆನ್ನಾಗಿ ಮಾಗಿದ ಸಿಹಿ ಹಣ್ಣು ಕೊಡಬಾರದು. ಸಕ್ಕರೆ ಒಮ್ಮೆಲೇ ಹುಳಿಯೆದ್ದು ಹೊಟ್ಟೆ ಉಬ್ಬರಿಸಿ ಸತ್ತೇ ಹೋಗಬಹುದು. ಹಬ್ಬದ ಮರುದಿನ ಮಿಕ್ಕ ಅನ್ನ, ಹೋಳಿಗೆ ಹಾಕಿ ಹಸುವಿನ ಹೊಟ್ಟೆ ಉಬ್ಬಿಸಿಕೊಂಡು ಡಾಕ್ಟರಿಗೆ ಓಡುತ್ತಾರಲ್ಲ, ಅದೇ ಕಾಯಿಲೆ. ನಿಮ್ಮ ತಂದೆಯವರು ದನ ಸಾಕಿದವರಾದರೆ ಈ ಕೋತಿಯ ಮುಂದೆ ಅರ್ಧ ಗಂಟೆ ಮಾತಾಡಲು ವಿಷಯ ಸಿಗುತ್ತದೆ.

ಮೂರನೆಯದು ಬಬೂನ್‌ಗಳ ಗುಡ್ಡ. ಇಥಿಯೋಪಿಯಾದ ಬೆಟ್ಟದ ಕಣಿವೆಯ ಹಾಗೆ ಕಟ್ಟಿದ್ದಾರೆ. ಬೆಳ್ಳಿ ಕೂದಲಿನ ಗಂಡುಗಳು, ಅವುಗಳ ಹಿಂದೆ ಒಂದಷ್ಟು ಹೆಣ್ಣು, ಮರಿಗಳು. ಇಡೀ ಸಂತೆ ಅದು. ಒಂದು ಹೆಣ್ಣು ಸ್ವಲ್ಪ ದೂರ ಹೋದರೆ ಗಂಡು ಹುಬ್ಬು ಎತ್ತಿ ಗದರಿಸುತ್ತದೆ, ಕೇಳದಿದ್ದರೆ ಕತ್ತು ಕಚ್ಚಿ ಎಳೆದು ತರುತ್ತದೆ. ಒಬ್ಬರು ಒಂದು ಮರಿಯನ್ನು ಗುರುತು ಇಟ್ಟುಕೊಂಡು ಹತ್ತು ನಿಮಿಷ ಅದರ ಹಿಂದೆಯೇ ಕಣ್ಣು ಓಡಿಸಿ. ಧಾರಾವಾಹಿ ಬೇಕಾಗುವುದಿಲ್ಲ.

ಮಳೆ ಬಂದರೆ ಫ್ರಜೈಲ್ ಫಾರೆಸ್ಟ್ ಎನ್ನುವ ದೊಡ್ಡ ಮುಚ್ಚಿದ ಕಾಡಿನೊಳಗೆ ಹೋಗಿಬಿಡಿ. ಲೀಮರ್ ಎನ್ನುವ ಉದ್ದ ಬಾಲದ, ಕೋತಿಯಂಥ ಪ್ರಾಣಿಗಳು ಕಾಲುದಾರಿಯ ಮೇಲೇ ನಡೆಯುತ್ತವೆ. ತಲೆಯ ಮೇಲೆ ಹಣ್ಣು ತಿನ್ನುವ ದೊಡ್ಡ ಬಾವಲಿಗಳು ನೇತಾಡುತ್ತವೆ, ರೆಕ್ಕೆಯ ನರವೂ ಕಾಣುವಷ್ಟು ಹತ್ತಿರ. ಮುಟ್ಟಲು ಹೋಗಬೇಡಿ.

ಕಂಬಿ ಇಲ್ಲ ಎಂದೆನಲ್ಲ, ಅಪ್ಪನಿಗೆ ಆ ವಿಷಯ ಹೇಳಿ. ಮೈಸೂರಿನ ಝೂ 1892ರದು. ಸಿಂಗಪುರದ್ದು ಬಾಗಿಲು ತೆರೆದದ್ದು 1973ರ ಜೂನ್ 27ಕ್ಕೆ. ನೀರು ಸರಬರಾಜಿನ ಮುಖ್ಯಸ್ಥರಾಗಿದ್ದ ಓಂಗ್ ಸ್ವೀ ಲಾ ಅವರಿಗೆ ಸೆಲೆತಾರ್ ಜಲಾಶಯದ ಸುತ್ತ ಇದ್ದ ಕಾಡಿನಲ್ಲಿ ಜನ ಹೋಗಿ ಕೂರುವಂಥ ಜಾಗ ಮಾಡುವ ಯೋಚನೆ ಬಂತು. ಸಲಹೆಗೆ ಶ್ರೀಲಂಕಾದಿಂದ ಕೊಲಂಬೊ ಝೂನ ಲಿನ್ ಡಿ ಆಲ್ವಿಸ್ ಅವರನ್ನು ಕರೆಸಿದರು. ಪಂಜರ ಬೇಡ, ಕಂದಕ ಸಾಕು ಎಂದು ತೀರ್ಮಾನವಾಯಿತು. ಯಾವ ಪ್ರಾಣಿ ಎಷ್ಟು ದೂರ ನೆಗೆಯುತ್ತದೆ, ಎಷ್ಟು ಎತ್ತರ ಹತ್ತುತ್ತದೆ, ಈಜುತ್ತದೋ ಇಲ್ಲವೋ ನೋಡಿ ಒಣ ಕಂದಕವೋ ನೀರಿನ ಕಂದಕವೋ ತೋಡುತ್ತಾರೆ. ಒರಾಂಗುಟಾನ್‌ಗೆ ಈಜು ಬಾರದು, ಹಾಗಾಗಿ ನೀರು ಸಾಕು. ಚಿರತೆ ಎಲ್ಲಿಗೆ ಬೇಕಾದರೂ ಹತ್ತುತ್ತದೆ, ಅದಕ್ಕೆ ಗಾಜು ಬೇಕು. ಕಂದಕದ ಅಂಚನ್ನು ಗಿಡ ನೆಟ್ಟು ಮುಚ್ಚಿರುತ್ತಾರೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. "ಇಲ್ಲಿ ಬೇಲಿ ಎಲ್ಲಿದೆ, ಹುಡುಕು" ಎಂದು ಮಗನಿಗೆ ಕೆಲಸ ಕೊಡಿ. ಒಳ್ಳೆಯ ಆಟ ಅದು. ಶುರುವಿನಲ್ಲಿ ಇವರ ಲೆಕ್ಕವೂ ತಪ್ಪಿತ್ತು. ಝೂ ತೆರೆಯುವ ಮೊದಲೇ, 1973ರ ಮಾರ್ಚ್‌ನಲ್ಲಿ, ಒಂದು ಕರಿಚಿರತೆ ತಪ್ಪಿಸಿಕೊಂಡು ತಿಂಗಳುಗಟ್ಟಲೆ ಊರಿನ ಕಾಡಿನಲ್ಲಿ ಇತ್ತು.

ತಪ್ಪುಗಳನ್ನು ಹೇಳದೆ ಬರೀ ಹೊಗಳಬಾರದು. ಈ ಸೆಕೆಯ ಊರಿನಲ್ಲಿ ಹಿಮಕರಡಿ ಇಟ್ಟಿದ್ದರು. ಉಷ್ಣ ವಲಯದಲ್ಲಿ ಹುಟ್ಟಿದ ಮೊದಲ ಹಿಮಕರಡಿ ಇನೂಕಾ ಇಲ್ಲಿಯದೇ, 1990ರ ಡಿಸೆಂಬರ್ 26ರಂದು ಹುಟ್ಟಿದ್ದು. 2018ರ ಏಪ್ರಿಲ್‌ನಲ್ಲಿ ಮುಪ್ಪಿನ ಕಾಯಿಲೆಯಿಂದ ನರಳುತ್ತಿದ್ದಾಗ ಇಂಜೆಕ್ಷನ್ ಕೊಟ್ಟು ಬಿಡುಗಡೆ ಮಾಡಿದರು. ಇನ್ನು ಮುಂದೆ ಹಿಮಕರಡಿ ತರುವುದಿಲ್ಲ ಎಂದು ಝೂ ಅದಕ್ಕೂ ಎಷ್ಟೋ ವರ್ಷ ಮೊದಲೇ ಹೇಳಿತ್ತು. ಒಳ್ಳೆಯದೇ ಆಯಿತು.

ಪ್ರಾಣಿ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದು ಮಕ್ಕಳು ಕೇಳುತ್ತಾರೆ. ಒಂದೇ ಗೆರೆಯ ಮೇಲೆ, ಅದೇ ಜಾಗದಲ್ಲಿ ತಿರುಗಿ, ಗಂಟೆಗಟ್ಟಲೆ ಓಡಾಡುತ್ತಿದ್ದರೆ ಅದಕ್ಕೆ ಬೇಸರ ಹಿಡಿದಿದೆ ಎಂದು ಅರ್ಥ. ಆದರೆ ಸಂಜೆ ಹೊತ್ತು ಒಳಗಿನ ಬಾಗಿಲ ಹತ್ತಿರ ಶತಪಥ ಹಾಕಿದರೆ ಗಾಬರಿ ಬೇಡ, ಊಟದ ಹೊತ್ತಾಗಿದೆ ಅಷ್ಟೆ. ಒಳಗೆ ಬಿದ್ದಿರುವ ಗೋಣಿ, ರಟ್ಟಿನ ಡಬ್ಬ, ಚೆಂಡು ಕಸವಲ್ಲ. ಅವಕ್ಕೆ ಮಾಡಲು ಕೆಲಸ ಇರಲಿ ಎಂದು ಹಾಕಿದ್ದು.

ಬಿಳಿ ಹುಲಿ ಎಂದು ಯಾರಾದರೂ ಎಳೆದರೆ ಐದು ನಿಮಿಷ ಸಾಕು. ಅದು ಬೇರೆ ಜಾತಿಯೇನಲ್ಲ, ಬಣ್ಣದ ಒಂದು ವ್ಯತ್ಯಾಸ. 1951ರಲ್ಲಿ ನಮ್ಮ ರೀವಾ ಕಾಡಿನಲ್ಲಿ ಹಿಡಿದ ಮೋಹನ್ ಎನ್ನುವ ಹುಲಿಯಿಂದಲೇ ಪ್ರಪಂಚದ ಝೂಗಳ ಬಿಳಿ ಹುಲಿಗಳಲ್ಲಿ ಬಹುಪಾಲು ಬಂದಿದ್ದು. ಬಣ್ಣಕ್ಕಾಗಿ ಒಂದೇ ಮನೆತನದೊಳಗೆ ಸೇರಿಸುತ್ತಾ ಹೋದದ್ದರಿಂದ ಕಣ್ಣು, ಬೆನ್ನಿನ ತೊಂದರೆಗಳು ಅವುಗಳಲ್ಲಿ ಜಾಸ್ತಿ. ನನಗಂತೂ ನೋಡಲು ಸಂತೋಷವಾಗುವುದಿಲ್ಲ.

ಮಂಡಿಯ ವಿಷಯ. ಗೇಟಿನ ಹತ್ತಿರವೇ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. ಅಪ್ಪ "ನನಗ್ಯಾಕೆ ಅದು" ಎನ್ನುತ್ತಾರೆ, ಎಲ್ಲ ಅಪ್ಪಂದಿರೂ ಹಾಗೇ. "ಬ್ಯಾಗ್ ಇಡೋಕೆ" ಎಂದು ಹೇಳಿ ತೆಗೆದುಕೊಳ್ಳಿ. ಹನ್ನೊಂದರ ಹೊತ್ತಿಗೆ ಬ್ಯಾಗ್ ನಿಮ್ಮ ಹೆಗಲ ಮೇಲಿರುತ್ತದೆ, ಅವರು ಕೂತಿರುತ್ತಾರೆ. ಒಳಗೆ ಟ್ರಾಮ್ ಓಡುತ್ತದೆ, ದೂರದ ತುದಿಗೆ ಅದರಲ್ಲೇ ಹೋಗಿ. ಮಾತ್ರೆಗಳ ಹೊತ್ತನ್ನು ಮಾತ್ರ ಹೊರಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ಎರಡೂವರೆ ಗಂಟೆಯ ವ್ಯತ್ಯಾಸ ಊಟದ ಜೊತೆ ತಾಳೆಯಾಗಬೇಕು.

ಹೋಗುವುದು ಸುಲಭ. ಮೆಟ್ರೊದ ಕೆಂಪು ಲೈನಿನಲ್ಲಿ ಖಾತಿಬ್ ನಿಲ್ದಾಣಕ್ಕೆ ಹೋದರೆ ಅಲ್ಲಿಂದ ಝೂಗೆ ಶಟಲ್ ಬಸ್ ಇದೆ. ಇಲ್ಲವೇ ಸ್ಪ್ರಿಂಗ್‌ಲೀಫ್‌ನಲ್ಲಿ ಇಳಿದು 138ನೇ ನಂಬರ್ ಬಸ್. ಐದು ಜನ ಇದ್ದೀರಿ, ಹೋಗುವಾಗ ದೊಡ್ಡ ಟ್ಯಾಕ್ಸಿಯೇ ವಾಸಿ, ಬರುವಾಗ ಬಸ್ಸು-ಮೆಟ್ರೊ. ವಿದೇಶದಲ್ಲಿ ಬಳಸಲು ಚಾಲೂ ಮಾಡಿಸಿದ ವೀಸಾ, ಮಾಸ್ಟರ್ ಕಾರ್ಡನ್ನು ಬಸ್ಸಿನಲ್ಲೂ ಮೆಟ್ರೊದಲ್ಲೂ ನೇರವಾಗಿ ತಾಗಿಸಬಹುದು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು, ಒಂದೇ ಕಾರ್ಡಿನಲ್ಲಿ ಐದು ಜನ ಆಗುವುದಿಲ್ಲ. ನೀರು ಕೊಳ್ಳಬೇಡಿ. ಅಲ್ಲಿ ನಲ್ಲಿ ನೀರನ್ನೇ ಕುಡಿಯುತ್ತಾರೆ, ಖಾಲಿ ಬಾಟಲಿ ತೆಗೆದುಕೊಂಡು ಹೋಗಿ.

ಒಂದು ಎಚ್ಚರಿಕೆ. ಝೂ ಸುತ್ತಮುತ್ತ ಉದ್ದ ಬಾಲದ ಕೋತಿಗಳು ಇವೆ, ಅವು ಝೂನವಲ್ಲ, ಕಾಡಿನವು. ನಮ್ಮಲ್ಲಿ ಆಗುಂಬೆ ಘಾಟಿಯಲ್ಲಿ ಬಾಳೆಹಣ್ಣು ಕೊಡುವ ಹಾಗೆ ಅಲ್ಲಿ ಕೊಟ್ಟರೆ ಮೊದಲ ತಪ್ಪಿಗೇ 5,000 ಸಿಂಗಪುರ ಡಾಲರ್ ತನಕ ದಂಡ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿದರೆ ತಿಂಡಿ ಎಂದುಕೊಂಡು ಕಿತ್ತುಕೊಳ್ಳುತ್ತವೆ. ಬ್ಯಾಗಿನೊಳಗೆ ಹಾಕಿ.

ಇನ್ನು ನೈಟ್ ಸಫಾರಿ. ರಾತ್ರಿ ಪ್ರಾಣಿಗಳಿಗಾಗಿಯೇ ಮಾಡಿದ ಪ್ರಪಂಚದ ಮೊದಲ ಝೂ ಇದು, 1994ರಲ್ಲಿ ಶುರುವಾಯಿತು. ಅಲ್ಲಿ ಸೂರ್ಯ ಮುಳುಗುವುದೇ ಏಳು ದಾಟಿದ ಮೇಲೆ. ಮೊದಲ ಹೊತ್ತಿನ ಟಿಕೆಟ್ ತೆಗೆದುಕೊಂಡರೆ ಇನ್ನೂ ಬೆಳಕು ಇರುತ್ತದೆ, ಜನವೂ ಜಾಸ್ತಿ. ಎಂಟೂವರೆ ಆಚೆಯದು ತೆಗೆದುಕೊಳ್ಳಿ. ಟ್ರಾಮ್‌ನಲ್ಲಿ ಕೂತರೆ ಒಂದು ಸುತ್ತು ಹಾಕಿಸುತ್ತದೆ, ಅಪ್ಪನಿಗೆ ಅಷ್ಟು ಸಾಕು. ಅಲ್ಲಿ ನಮ್ಮ ಗಿರ್ ಸಿಂಹದ ಜಾತಿಯವು, ಒಂಟಿಕೊಂಬಿನ ಖಡ್ಗಮೃಗ, ದರೋಜಿ ಕಡೆಯ ಕರಡಿಯ ಜಾತಿಯವು ಇವೆ. ನೀವು ಹುಡುಕಬೇಕಾದ್ದು ಟಾಪಿರ್, ದೊಡ್ಡ ಹಂದಿಯ ಹಾಗೆ ಕಾಣುವ ಪ್ರಾಣಿ. ಮುಂದೆ ಕಪ್ಪು, ನಡುವೆ ಬಿಳಿ, ಹಿಂದೆ ಕಪ್ಪು. ಮಂದ ಬೆಳಕಿನಲ್ಲಿ ಮಲಗಿದ್ದರೆ ಬಿಳಿ ಬಂಡೆ ಎಂದುಕೊಂಡು ಮುಂದೆ ಹೋಗಿಬಿಡುತ್ತೀರಿ, ಹುಲಿಯೂ ಹಾಗೇ ಮೋಸ ಹೋಗಲಿ ಎಂದೇ ಆ ಬಣ್ಣ ಎನ್ನುತ್ತಾರೆ. ಮರಿಗೆ ಮಾತ್ರ ಕಲ್ಲಂಗಡಿ ಹಣ್ಣಿನ ಹಾಗೆ ಗೆರೆ. ಮೊಬೈಲಿನ ಫ್ಲ್ಯಾಶ್ ಮನೆಯಿಂದಲೇ ಆಫ್ ಮಾಡಿಕೊಂಡು ಹೋಗಿ. ಕತ್ತಲಿಗೆ ಹೊಂದಿಕೊಂಡ ಆ ಕಣ್ಣುಗಳಿಗೆ ಅದು ಹೊಡೆತ.

ಪಕ್ಕದಲ್ಲೇ ಪಾಂಡಾ ಇರುವ ರಿವರ್ ವಂಡರ್ಸ್ ಇದೆ, 2023ರಲ್ಲಿ ಜುರಾಂಗ್‌ನಿಂದ ಇಲ್ಲಿಗೆ ಬಂದ ಹಕ್ಕಿಗಳ ಬರ್ಡ್ ಪ್ಯಾರಡೈಸ್ ಇದೆ. ಎಲ್ಲ ಸೇರಿಸಿದ ಅಗ್ಗದ ಟಿಕೆಟ್ ತೋರಿಸಿ ಆಸೆ ಹುಟ್ಟಿಸುತ್ತಾರೆ. ಐದು ದಿನದ ಟೂರಿಗೆ ಬೇಡ. ಪಾಂಡಾ ನೋಡಲೇಬೇಕು ಎಂದು ಮಗ ಹಟ ಹಿಡಿದರೆ ಅದೊಂದನ್ನು ಸೇರಿಸಿ. ನೆರಳು ಜಾಸ್ತಿ, ಪಾಂಡಾ ಇರುವ ಕಡೆ ಎಸಿ, ಮಧ್ಯಾಹ್ನ ಒಂದು ಗಂಟೆಯ ಮೇಲೆ ಹೋದರೂ ನಡೆಯುತ್ತದೆ.

ತಂದೆಯವರಿಗೆ ಇನ್ನೊಂದು ಮಾತು ಹೇಳಿ. 2021ರಲ್ಲಿ ಸಿಂಗಪುರದ ಈ ಝೂನಿಂದ ಒಂದು ಜೋಡಿ ಒರಾಂಗುಟಾನ್ ಮೈಸೂರಿಗೆ ಬಂದವು. ಮಂಡಾಯ್‌ನಲ್ಲಿ ನೋಡಿ ಬಂದ ಮೇಲೆ ಮಗ ಅವನ್ನು ನೋಡಬೇಕು ಎಂದು ಖಂಡಿತ ಕೇಳುತ್ತಾನೆ. ಹನ್ನೊಂದನೇ ಸಲ ಹೋಗಲು ಅಪ್ಪನಿಗೂ ಒಂದು ನೆಪ ಸಿಕ್ಕಿತು. ಸಿಂಗಪುರದ ಅಭ್ಯಾಸದಲ್ಲಿ ಮಂಗಳವಾರ ಮಾತ್ರ ಹೊರಡಬೇಡಿ, ಅವತ್ತು ಮೈಸೂರು ಝೂಗೆ ರಜೆ.